ಜೀವಿಗೆ ಒಡೆಯನುಂಟೆ? ಸೂಡೊಮೊನಾಸ್ ಎಬ್ಬಿಸಿದ ಪ್ರಶ್ನೆ

ಬಿತ್ತನೆಗೆ ಮುನ್ನ ಬೀಜಕ್ಕೆ ಹಚ್ಚುವ ಜೈವಿಕ ಪುಡಿಗಳಲ್ಲಿ ಸೂಡೊಮೊನಾಸ್ ಕೂಡ ಒಂದು. ಬತ್ತ, ಶುಂಠಿ, ಬಾಳೆ, ಮೆಣಸು ಬೆಳೆಯುವ ರೈತರಿಗೆ ಈ ಹೆಸರು ಹೊಸದಲ್ಲ. ಆ ಪುಡಿಯಲ್ಲಿರುವುದು ಮಣ್ಣಿನಲ್ಲಿ ಸಹಜವಾಗಿಯೇ ಸಿಗುವ ಒಂದು ಬ್ಯಾಕ್ಟೀರಿಯಾ. ಬೇರಿನ ಸುತ್ತ ನೆಲೆಸಿ, ಕೊಳೆರೋಗ ತರುವ ಶಿಲೀಂಧ್ರಗಳನ್ನು ತಡೆಯುವುದು ಅದರ ಕೆಲಸ. ಇದೇ ಕುಲಕ್ಕೆ ಸೇರಿದ ಇನ್ನೊಂದು ಬ್ಯಾಕ್ಟೀರಿಯಾ 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತ್ತು. ಜೀವವಿರುವ ವಸ್ತುವನ್ನು ಒಬ್ಬರ ಸ್ವತ್ತೆಂದು ಬರೆದುಕೊಡಬಹುದೇ ಎಂಬುದು ಅಂದು ನ್ಯಾಯಾಲಯದ ಮುಂದಿದ್ದ ಪ್ರಶ್ನೆ.

ಸೂಡೊಮೊನಾಸ್ ಎಂಬ ಹೆಸರನ್ನು ಈ ಕುಲಕ್ಕೆ ಇಟ್ಟವರು ಜರ್ಮನಿಯ ವಿಜ್ಞಾನಿ ವಾಲ್ಟರ್ ಮಿಗುಲ. ಅದು 1894ರ ಮಾತು. ಕಡ್ಡಿಯಾಕಾರದ ಈ ಸೂಕ್ಷ್ಮಜೀವಿಗಳು ತುದಿಯಲ್ಲಿರುವ ಚಾವಟಿಯಂಥ ಎಳೆಯನ್ನು ಆಡಿಸುತ್ತ ನೀರಿನಲ್ಲಿ ಚಲಿಸುತ್ತವೆ. ಹೊಲದ ಮಣ್ಣು, ಕೆರೆಯ ನೀರು, ನದಿಯ ತಳದ ಕೆಸರು, ಕಡಲು ಹೀಗೆ ಎಲ್ಲೆಡೆಯೂ ಇವುಗಳ ವಾಸವಿದೆ. ಕೆಲವು ಪ್ರಭೇದಗಳು ಗಿಡಗಳಿಗೆ ನೆರವಾದರೆ ಕೆಲವು ರೋಗ ತರುತ್ತವೆ. ಏರುಗಿನೋಸ ಎಂಬ ಪ್ರಭೇದವಂತೂ ಆಸ್ಪತ್ರೆಗಳಲ್ಲಿ ಸುಟ್ಟಗಾಯದ ರೋಗಿಗಳನ್ನು ಕಾಡುವ ಸೋಂಕಿಗೆ ಕುಖ್ಯಾತಿ ಪಡೆದಿದೆ.

ಈ ಕುಲದ ನಿಜವಾದ ವೈಶಿಷ್ಟ್ಯ ಅದರ ಹಸಿವಿನಲ್ಲಿದೆ. ಬೇರೆ ಜೀವಿಗಳು ಮುಟ್ಟದ ವಸ್ತುಗಳನ್ನೂ ಇವು ಅರಗಿಸಿಕೊಳ್ಳುತ್ತವೆ. ಕರ್ಪೂರವನ್ನು ತಿನ್ನುವ ತಳಿಗಳಿವೆ. ಬಟ್ಟೆಯ ಪೆಟ್ಟಿಗೆಯಲ್ಲಿಡುವ ನುಸಿಗುಳಿಗೆಯ ನ್ಯಾಫ್ತಲೀನನ್ನು ತಿನ್ನುವ ತಳಿಗಳೂ ಇವೆ. ಕಚ್ಚಾ ತೈಲದ ಕೆಲವು ಅಂಶಗಳೂ ಇವುಗಳಿಗೆ ಆಹಾರವೇ.

ಈ ಹಸಿವಿನ ಗುಟ್ಟನ್ನು ಬೆನ್ನಟ್ಟಿದವರಲ್ಲಿ ಆನಂದ ಮೋಹನ ಚಕ್ರವರ್ತಿ ಪ್ರಮುಖರು. 1938ರಲ್ಲಿ ಪಶ್ಚಿಮ ಬಂಗಾಳದ ಸೈಂಥಿಯಾದಲ್ಲಿ ಜನಿಸಿದ ಅವರು 1965ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದಿಂದ ಪಿಎಚ್‌.ಡಿ. ಪಡೆದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ಅಲ್ಲಿ ಇರ್ವಿನ್ ಗುನ್ಸಾಲಸ್ ಅವರ ಪ್ರಯೋಗಾಲಯದಲ್ಲಿ ಸೂಡೊಮೊನಾಸ್ ಕುರಿತು ಸಂಶೋಧನೆ ನಡೆಸಿದರು. 1971ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸಂಶೋಧನಾ ಕೇಂದ್ರ ಸೇರಿದರು.

ಬ್ಯಾಕ್ಟೀರಿಯಾದ ಮುಖ್ಯ ವರ್ಣತಂತುವಲ್ಲದೆ, ಪ್ಲಾಸ್ಮಿಡ್ ಎಂಬ ಚಿಕ್ಕ ಡಿಎನ್‌ಎ ಉಂಗುರಗಳೂ ಅದರೊಳಗೆ ಇರುತ್ತವೆ. ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ಇವನ್ನು ದಾಟಿಸಬಲ್ಲದು. ತೈಲವನ್ನು ಒಡೆಯಲು ಬೇಕಾದ ವಂಶವಾಹಿಗಳು ಹಲವು ತಳಿಗಳಲ್ಲಿ ಈ ಉಂಗುರಗಳಲ್ಲೇ ಇವೆ. ಆದರೆ ಕಚ್ಚಾ ತೈಲವೆಂಬುದು ಹಲವಾರು ರಾಸಾಯನಿಕಗಳ ಮಿಶ್ರಣ. ಒಂದು ತಳಿ ಅದರಲ್ಲಿನ ಒಂದು ಬಗೆಯ ವಸ್ತುವನ್ನು ಮಾತ್ರ ಅರಗಿಸಿಕೊಳ್ಳುತ್ತಿತ್ತು. ಬೇರೆ ಬೇರೆ ತಳಿಗಳನ್ನು ಒಟ್ಟಿಗೆ ಬಿಟ್ಟರೆ ಅವು ತಮ್ಮತಮ್ಮೊಳಗೇ ಪೈಪೋಟಿಗೆ ಇಳಿಯುತ್ತಿದ್ದವು. ಚಕ್ರವರ್ತಿ ಅವರು ನಾಲ್ಕು ಬಗೆಯ ಪ್ಲಾಸ್ಮಿಡ್‌ಗಳನ್ನು ಒಂದೇ ಬ್ಯಾಕ್ಟೀರಿಯಾದೊಳಗೆ ಸೇರಿಸಿದರು. ಜತೆಗೂಡಿ ಬಾಳದ ಪ್ಲಾಸ್ಮಿಡ್‌ಗಳನ್ನು ಅತಿನೇರಳೆ ಕಿರಣ ಹಾಯಿಸಿ ಬೆಸೆದರು. ಸಮುದ್ರದಲ್ಲಿ ಚೆಲ್ಲಿದ ತೈಲವನ್ನು ಇದು ತಿಂದು ಮುಗಿಸೀತು ಎಂಬುದು ಅವರ ನಿರೀಕ್ಷೆಯಾಗಿತ್ತು.

1972ರ ಜೂನ್ 7ರಂದು ಪೇಟೆಂಟ್‌ಗೆ ಅರ್ಜಿ ಸಲ್ಲಿಕೆಯಾಯಿತು. ಬ್ಯಾಕ್ಟೀರಿಯಾವನ್ನು ತಯಾರಿಸುವ ವಿಧಾನಕ್ಕೆ ಪರೀಕ್ಷಕರ ತಕರಾರು ಇರಲಿಲ್ಲ. ಹುಲ್ಲಿನಂಥ ತೇಲುವ ವಸ್ತುವಿಗೆ ಅದನ್ನು ಲೇಪಿಸಿ ನೀರಿಗೆ ಬಿಡುವ ಮಿಶ್ರಣಕ್ಕೂ ಅವರು ಒಪ್ಪಿದರು. ಆದರೆ ಬ್ಯಾಕ್ಟೀರಿಯಾಕ್ಕೇ ಪೇಟೆಂಟ್ ಕೊಡಲು ನಿರಾಕರಿಸಿದರು. ಸೂಕ್ಷ್ಮಜೀವಿಗಳು ಪ್ರಕೃತಿಯ ಸೃಷ್ಟಿ, ಮೇಲಾಗಿ ಜೀವಿಗಳಿಗೆ ಪೇಟೆಂಟ್ ಇಲ್ಲ ಎಂಬುದು ಅವರು ಕೊಟ್ಟ ಕಾರಣ.

ಈ ನಿರಾಕರಣೆಗೆ ಹಿನ್ನೆಲೆಯಿತ್ತು. ದ್ವಿದಳ ಬೆಳೆಗಳಿಗೆ ಸಾರಜನಕ ಒದಗಿಸುವ ಹಲವು ರೈಜೋಬಿಯಂ ತಳಿಗಳನ್ನು ಬೆರೆಸಿ ತಯಾರಿಸಿದ ಮಿಶ್ರಣಕ್ಕೆ ಪೇಟೆಂಟ್ ಸಲ್ಲದೆಂದು 1948ರಲ್ಲಿ ಅದೇ ಸುಪ್ರೀಂ ಕೋರ್ಟ್ ಹೇಳಿತ್ತು. ಆ ಬ್ಯಾಕ್ಟೀರಿಯಾಗಳ ಗುಣ ನಿಸರ್ಗದತ್ತವಾದದ್ದು, ಮಿಶ್ರಣ ಮಾಡಿದವರು ಹೊಸದೇನನ್ನೂ ಸೃಷ್ಟಿಸಿಲ್ಲ ಎಂಬುದು ಆ ತೀರ್ಪಿನ ಸಾರ. ಇದಕ್ಕೆ ಎದುರಾದ ನಿದರ್ಶನವೂ ಇಲ್ಲದಿರಲಿಲ್ಲ. ರೋಗಾಣುಗಳಿಂದ ಮುಕ್ತವಾದ ಯೀಸ್ಟ್‌ಗಾಗಿ ಲೂಯಿ ಪಾಶ್ಚರ್ ಅವರಿಗೆ 1873ರಲ್ಲೇ ಅಮೆರಿಕ ಪೇಟೆಂಟ್ ನೀಡಿತ್ತು.

ಮೇಲ್ಮನವಿಗಳ ಹಾದಿ ಹಿಡಿದ ವ್ಯಾಜ್ಯ ಸುಪ್ರೀಂ ಕೋರ್ಟ್ ತಲುಪಿತು. ಪೇಟೆಂಟ್ ಆಯುಕ್ತ ಸಿಡ್ನಿ ಡೈಮಂಡ್ ಅವರ ಹೆಸರೂ ಸೇರಿ ಅದು ‘ಡೈಮಂಡ್ ವಿರುದ್ಧ ಚಕ್ರವರ್ತಿ’ ಪ್ರಕರಣವೆಂದೇ ಪ್ರಸಿದ್ಧವಾಯಿತು. 1980ರ ಜೂನ್ 16ರಂದು ತೀರ್ಪು ಹೊರಬಿತ್ತು. ಐವರು ನ್ಯಾಯಮೂರ್ತಿಗಳು ಪೇಟೆಂಟ್ ಪರ, ನಾಲ್ವರು ವಿರುದ್ಧ. ಬಹುಮತದ ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ವಾರೆನ್ ಬರ್ಗರ್ ಅವರು ಜೀವವಿದೆಯೇ ಇಲ್ಲವೇ ಎಂಬುದು ಮುಖ್ಯವಲ್ಲ, ಅದು ಪ್ರಕೃತಿಯ ಉತ್ಪನ್ನವೋ ಮನುಷ್ಯನ ತಯಾರಿಕೆಯೋ ಎಂಬುದಷ್ಟೇ ಮುಖ್ಯ ಎಂದರು. ಕಾಡಿನಲ್ಲಿ ಸಿಕ್ಕ ಹೊಸ ಗಿಡಕ್ಕೆ ಪೇಟೆಂಟ್ ಇಲ್ಲ, ನ್ಯೂಟನ್ನನ ಗುರುತ್ವ ನಿಯಮಕ್ಕೂ ಇಲ್ಲ. ಆದರೆ ಈ ಬ್ಯಾಕ್ಟೀರಿಯಾದಂಥದ್ದು ನಿಸರ್ಗದಲ್ಲಿ ಎಲ್ಲಿಯೂ ಇಲ್ಲವಾದ್ದರಿಂದ ಅದು ಚಕ್ರವರ್ತಿಯವರದೇ ಕೃತಿ ಎಂಬುದು ಅವರ ವಾದ. ಭಿನ್ನಮತ ಬರೆದ ನ್ಯಾಯಮೂರ್ತಿ ವಿಲಿಯಂ ಬ್ರೆನನ್, ಸಸ್ಯತಳಿಗಳಿಗೆ ರಕ್ಷಣೆ ಕೊಟ್ಟ 1970ರ ಕಾಯ್ದೆ ಬ್ಯಾಕ್ಟೀರಿಯಾಗಳನ್ನು ಹೊರಗಿಟ್ಟಿದ್ದನ್ನು ನೆನಪಿಸಿದರು. ಶಾಸನಸಭೆ ಹೋಗದ ಕಡೆಗೆ ನ್ಯಾಯಾಲಯ ಹೋಗಬಾರದು ಎಂಬುದು ಅವರ ನಿಲುವು.

ಒಂದು ಮತದ ಅಂತರದ ಈ ತೀರ್ಪಿನ ಪರಿಣಾಮ ಕಾಣಿಸಲು ತಡವಾಗಲಿಲ್ಲ. ಅದೇ ಅಕ್ಟೋಬರ್‌ನಲ್ಲಿ ಜೆನೆನ್‌ಟೆಕ್ ಎಂಬ ಜೈವಿಕ ತಂತ್ರಜ್ಞಾನ ಕಂಪನಿ ಷೇರುಪೇಟೆ ಪ್ರವೇಶಿಸಿದಾಗ 35 ಡಾಲರಿನ ಷೇರು ಮೊದಲ ದಿನವೇ 88 ಡಾಲರ್‌ವರೆಗೆ ಜಿಗಿಯಿತು. 1981ರ ಮಾರ್ಚ್ 31ರಂದು ಚಕ್ರವರ್ತಿಯವರ ಪೇಟೆಂಟ್ ಅಧಿಕೃತವಾಯಿತು. 1988ರಲ್ಲಿ ಕ್ಯಾನ್ಸರ್ ಸಂಶೋಧನೆಗಾಗಿ ವಂಶವಾಹಿ ಮಾರ್ಪಡಿಸಿದ ಇಲಿಗೆ ಹಾರ್ವರ್ಡ್ ವಿಶ್ವವಿದ್ಯಾಲಯ ಪೇಟೆಂಟ್ ಪಡೆಯಿತು.

ಚರ್ಚೆ ಅಮೆರಿಕದಲ್ಲೇ ನಿಲ್ಲಲಿಲ್ಲ. ಗ್ಯಾಟ್ ಮಾತುಕತೆಯ ಡಂಕೆಲ್ ಕರಡು 1991ರಲ್ಲಿ ಹೊರಬಂದಾಗ ಜೀವಿಗಳ ಮೇಲಿನ ಪೇಟೆಂಟ್ ಭಾರತದ ರೈತರ ಆತಂಕವೂ ಆಯಿತು. ಬೀಜದ ಹಕ್ಕು ಕೈತಪ್ಪುತ್ತದೆಂದು ಪ್ರೊ. ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ರಾಜ್ಯ ರೈತ ಸಂಘ ಬೀದಿಗಿಳಿಯಿತು. 1992ರ ಡಿಸೆಂಬರ್‌ನಲ್ಲಿ ಕಾರ್ಯಕರ್ತರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಹೊರಗೆಸೆದರು. 1995ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಘಟನೆಯ ಒಪ್ಪಂದ, ಗಿಡ ಹಾಗೂ ಪ್ರಾಣಿಗಳನ್ನು ಪೇಟೆಂಟ್‌ನಿಂದ ಹೊರಗಿಡಲು ಸದಸ್ಯ ದೇಶಗಳಿಗೆ ಅವಕಾಶ ಕೊಟ್ಟಿತು. ಸೂಕ್ಷ್ಮಜೀವಿಗಳ ವಿಷಯದಲ್ಲಿ ಆ ರಿಯಾಯಿತಿ ಇರಲಿಲ್ಲ. ಅದಕ್ಕೆ ಹೊಂದುವಂತೆ ಭಾರತ 2002ರಲ್ಲಿ ತನ್ನ ಪೇಟೆಂಟ್ ಕಾಯ್ದೆಗೆ ತಿದ್ದುಪಡಿ ತಂದಿತು. ಗಿಡ, ಪ್ರಾಣಿ, ಬೀಜಗಳಿಗೆ ಪೇಟೆಂಟ್ ಇಲ್ಲ. ನಿಸರ್ಗದಲ್ಲಿ ಇದ್ದಂತೆಯೇ ಸಿಕ್ಕ ಜೀವಿಯ ಶೋಧಕ್ಕೂ ಇಲ್ಲ. ಮನುಷ್ಯ ಮಾರ್ಪಡಿಸಿದ ಸೂಕ್ಷ್ಮಜೀವಿಗೆ ಮಾತ್ರ ಉಂಟು.

ಇಷ್ಟಾಗಿ, ಕೋರ್ಟಿನಲ್ಲಿ ಗೆದ್ದ ಆ ಬ್ಯಾಕ್ಟೀರಿಯಾ ಯಾವ ಕಡಲಿನ ತೈಲವನ್ನೂ ತಿನ್ನಲಿಲ್ಲ. ಪ್ರಯೋಗಾಲಯದ ಜೀವಿಯನ್ನು ತೆರೆದ ನೀರಿಗೆ ಬಿಡುವ ಬಗ್ಗೆ ಜನರಲ್ಲಿ ಅಂಜಿಕೆಯಿತ್ತು. ಅದು ವಾಣಿಜ್ಯ ಬಳಕೆಗೆ ಬರಲೇ ಇಲ್ಲ. 1989ರಲ್ಲಿ ಎಕ್ಸಾನ್ ವಾಲ್ಡೇಜ್ ಹಡಗಿನಿಂದ ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಅಲಾಸ್ಕದ ಕಡಲಿಗೆ ಸೋರಿದಾಗ ದಡಗಳಿಗೆ ಗೊಬ್ಬರ ಸಿಂಪಡಿಸಲಾಯಿತು. ಅಲ್ಲಿಯೇ ನೆಲೆಸಿದ್ದ, ಯಾರ ಪೇಟೆಂಟಿಗೂ ಒಳಪಡದ ಬ್ಯಾಕ್ಟೀರಿಯಾಗಳು ಆ ಪೋಷಣೆಯಿಂದ ಹೆಚ್ಚಿ ತೈಲವನ್ನು ಒಡೆಯಲು ನೆರವಾದವು.

ಚಕ್ರವರ್ತಿ ಅವರು ಮುಂದೆ ಷಿಕಾಗೋದಲ್ಲಿ ಪ್ರಾಧ್ಯಾಪಕರಾಗಿ, ಸೂಡೊಮೊನಾಸ್‌ನ ಒಂದು ಪ್ರೋಟೀನಿನಿಂದ ಕ್ಯಾನ್ಸರ್ ಔಷಧಿ ರೂಪಿಸುವ ಯತ್ನದಲ್ಲಿ ತೊಡಗಿದ್ದರು. 2007ರಲ್ಲಿ ಪದ್ಮಶ್ರೀ ಪಡೆದ ಅವರು 2020ರ ಜುಲೈನಲ್ಲಿ ನಿಧನರಾದರು. ಅವರ ಪ್ರಕರಣ ಎಳೆದ ಗಡಿಗೆರೆಯ ವಿವಾದ ಮಾತ್ರ ಮುಗಿದಿಲ್ಲ. ದೇಹದಿಂದ ಬೇರ್ಪಡಿಸಿದ ಮಾತ್ರಕ್ಕೆ ಮನುಷ್ಯನ ಸಹಜ ವಂಶವಾಹಿ ಪೇಟೆಂಟ್‌ಗೆ ಅರ್ಹವಾಗದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2013ರಲ್ಲಿ ಒಮ್ಮತದಿಂದ ಹೇಳಿತು. ಹೊಲದ ಮಣ್ಣಿನ ಸೂಡೊಮೊನಾಸ್ ಇಂದಿಗೂ ಯಾರ ಸ್ವತ್ತೂ ಅಲ್ಲ. ಆದರೆ ಅದಕ್ಕೆ ಎಷ್ಟು ಮಾರ್ಪಾಡು ಮಾಡಿದರೆ ಅದು ಇನ್ನೊಬ್ಬರ ಸ್ವತ್ತಾಗುತ್ತದೆ ಎಂಬುದನ್ನು ಪ್ರತಿ ಹೊಸ ಅರ್ಜಿಯ ಮುಂದೆಯೂ ಹೊಸದಾಗಿಯೇ ಅಳೆಯಬೇಕಾಗಿದೆ.