ಮುನ್ನರಿವು

‘ಮುನ್’ ಮತ್ತು ‘ಅರಿವು’ ಕೂಡಿ ‘ಮುನ್ನರಿವು’. ‘ಮುನ್ನೆಚ್ಚರಿಕೆ’ಯಲ್ಲಿರುವಂತೆ ಇಲ್ಲೂ ನಕಾರ ಇಮ್ಮಡಿಸಿದೆ. ರೋಗ ಮುಂದೆ ಯಾವ ದಾರಿ ಹಿಡಿದೀತು ಎಂಬ ವೈದ್ಯರ ಅಂದಾಜಿಗೆ ಈ ಹೆಸರು. ಗ್ರೀಕಿನ ‘ಪ್ರೋಗ್ನೋಸಿಸ್’ ಕೂಡ ಇದೇ ಜೋಡಣೆ. ಆಯುರ್ವೇದದಲ್ಲಿ ಇದಕ್ಕೆ ಸುಖಸಾಧ್ಯ, ಕೃಚ್ಛ್ರಸಾಧ್ಯ (ಕಷ್ಟದಿಂದ ವಾಸಿಯಾಗುವುದು), ಯಾಪ್ಯ (ವಾಸಿಯಾಗದಿದ್ದರೂ ಹತೋಟಿಯಲ್ಲಿಡಬಹುದಾದದ್ದು), ಅಸಾಧ್ಯ ಎಂಬ ಮೆಟ್ಟಿಲುಗಳಿವೆ. ‘ಭವಿಷ್ಯ’ ಎನ್ನುವುದು ಮಾತ್ರ ಇಲ್ಲಿ ಸಲ್ಲದು. ಮುನ್ನರಿವು ಹಲವು ರೋಗಿಗಳ ಅನುಭವದಿಂದ ಕಟ್ಟಿದ ಅಂದಾಜು, ಒಬ್ಬರ ಹಣೆಬರಹವಲ್ಲ.

ಬಲಿತ ನಾಲಿಗೆ ಕ್ಯಾನ್ಸರಿನಲ್ಲಿ ಪದದ ತೂಕ ತಿಳಿಯುತ್ತದೆ. ಗಡ್ಡೆಯ ಅಗಲದಷ್ಟೇ ಅದು ಒಳಗಿಳಿದ ಆಳವೂ ಮುಖ್ಯ. ಆಳ 10 ಮಿಲಿಮೀಟರ್ ದಾಟಿದರೆ ಹಂತವೇ ಏರುತ್ತದೆ. ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಹಬ್ಬಿದ್ದರೆ ಬದುಕುಳಿಯುವ ಸಾಧ್ಯತೆ ಸುಮಾರು ಅರ್ಧಕ್ಕಿಳಿಯುತ್ತದೆ. ಗ್ರಂಥಿಯ ಕವಚವನ್ನೂ ಒಡೆದಿದ್ದರೆ ಮುನ್ನರಿವು ಮತ್ತಷ್ಟು ಕುಗ್ಗುತ್ತದೆ. ಆಗ ಶಸ್ತ್ರಕ್ರಿಯೆಯ ಬಳಿಕ ವಿಕಿರಣದ ಜೊತೆಗೆ ಸಾಮಾನ್ಯವಾಗಿ ಕೀಮೋಥೆರಪಿಯನ್ನೂ ಕೊಡುತ್ತಾರೆ.