ಸುವಾರ್ತೆ ಕೇಳದವರ ಗತಿ: ಕ್ರೈಸ್ತ ಚಿಂತನೆ ನಡೆದುಬಂದ ದಾರಿ

ಸುವಾರ್ತೆಯ ಒಂದು ಮಾತೂ ಕಿವಿಗೆ ಬೀಳದೆ ಸತ್ತವರ ಗತಿಯೇನು ಎಂಬುದು ಕ್ರೈಸ್ತ ದೈವಶಾಸ್ತ್ರದ ಹಳೆಯ ಪ್ರಶ್ನೆ. ಹಾವೇರಿ ಸೀಮೆಯಲ್ಲಿ ನಿಂತು ಕೇಳಿದರೆ ಅದಕ್ಕೆ ಹೆಸರೂ ಊರೂ ಸಿಗುತ್ತವೆ. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರಕ್ಕೆ ಹೆಸರು ಕೊಟ್ಟ ಅಂಬಿಗರ ಚೌಡಯ್ಯ 12ನೆಯ ಶತಮಾನದ ವಚನಕಾರ. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಆದಿಕೇಶವನನ್ನು ಹಾಡಿದ ಕನಕದಾಸರು 16ನೆಯ ಶತಮಾನದವರು. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ ಇಡೀ ಬೈಬಲ್ ಕನ್ನಡಕ್ಕೆ ಬಂದದ್ದು 1831ರಲ್ಲಿ. ಹಾವೇರಿ ಆಗ ಸೇರಿದ್ದ ಧಾರವಾಡ ಸೀಮೆಯಲ್ಲಿ ಬಾಸೆಲ್ ಮಿಷನ್ ನೆಲೆಯೂರಿದ್ದು 1837ರಲ್ಲಿ. ಅದಕ್ಕೆ ಮೊದಲು ಇಲ್ಲಿ ಬಾಳಿ ಹೋದ ನೂರಾರು ತಲೆಮಾರುಗಳನ್ನು ಕ್ರೈಸ್ತ ಸಭೆ ಎಲ್ಲಿ ಇಟ್ಟು ನೋಡಬೇಕು?

ಬೈಬಲ್ಲಿನಲ್ಲಿಯೇ ಇದಕ್ಕೆ ಎರಡು ಎಳೆಗಳಿವೆ. ಯೇಸುವಿನ ಹೆಸರಿನಿಂದಲ್ಲದೆ ರಕ್ಷಣೆಯಿಲ್ಲವೆಂದು ಅಪೊಸ್ತಲರ ಕೃತ್ಯಗಳ ನಾಲ್ಕನೆಯ ಅಧ್ಯಾಯದಲ್ಲಿ ಪೇತ್ರ ಸಾರುತ್ತಾನೆ. ಧರ್ಮಶಾಸ್ತ್ರವಿಲ್ಲದ ಜನಗಳ ಹೃದಯದಲ್ಲಿಯೂ ಅದರ ಬರಹವಿದೆ, ಅವರ ಮನಸ್ಸಾಕ್ಷಿಯೇ ಸಾಕ್ಷಿ ಎಂದು ರೋಮಾಪುರದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಪೌಲ ಹೇಳುತ್ತಾನೆ. ಎಲ್ಲರೂ ರಕ್ಷಣೆ ಹೊಂದಬೇಕೆಂಬುದೇ ದೇವರ ಇಚ್ಛೆ ಎಂಬ ಮಾತು ತಿಮೊಥೆಗೆ ಬರೆದ ಮೊದಲ ಪತ್ರದಲ್ಲಿದೆ. ಮುಂದಿನ ಎರಡು ಸಾವಿರ ವರ್ಷಗಳ ವಾದವೆಲ್ಲ ಈ ಎಳೆಗಳಲ್ಲಿ ಯಾವುದನ್ನು ಬಿಗಿಹಿಡಿಯಬೇಕು ಎಂಬುದರದೇ.

ಎರಡನೆಯ ಶತಮಾನದ ಜಸ್ಟಿನ್, ದೇವರ ವಾಕ್ಯದ ಬೀಜ ಎಲ್ಲ ಮನುಷ್ಯರಲ್ಲಿಯೂ ಬಿದ್ದಿದೆ, ಅದರಂತೆ ಬಾಳಿದ ಸಾಕ್ರಟೀಸನೂ ಕ್ರಿಸ್ತನವನೇ ಎಂದನು. ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಗ್ರೀಕರ ತತ್ತ್ವಶಾಸ್ತ್ರವನ್ನು ಕ್ರಿಸ್ತನ ಕಡೆಗಿನ ದಾರಿ ಎಂದು ಬಗೆದನು. ಒರಿಗೆನನು ಕಟ್ಟಕಡೆಗೆ ಎಲ್ಲವೂ ದೇವರಲ್ಲಿಗೆ ಮರಳುವ ನಿರೀಕ್ಷೆಯನ್ನು ಮುಂದಿಟ್ಟನು. ಸಭೆಯ ಹೊರಗೆ ರಕ್ಷಣೆಯಿಲ್ಲ ಎಂಬ ಪ್ರಸಿದ್ಧ ನಿಲುವು ಮೂರನೆಯ ಶತಮಾನದ ಸಿಪ್ರಿಯನನದು. ಅದು ಸಭೆಯನ್ನು ಒಡೆದು ಹೋದವರಿಗೆ ಹೇಳಿದ ಮಾತು, ಸಭೆಯ ಹೆಸರನ್ನೇ ಕೇಳದವರಿಗೆ ಹೇಳಿದ್ದಲ್ಲ. ಈ ವ್ಯತ್ಯಾಸ ಮರೆತುಹೋದದ್ದರಿಂದ ಆದ ನೋವು ದೊಡ್ಡದು. ಅಗಸ್ಟಿನನ ಕಾಲಕ್ಕೆ ನಿಲುವು ಬಿಗಿಯಾಯಿತು. 1442ರ ಫ್ಲಾರೆನ್ಸ್ ಮಹಾಸಭೆ ಅದನ್ನು ಅತ್ಯಂತ ಕಠಿಣ ಮಾತಿನಲ್ಲಿ ಘೋಷಿಸಿತು.

ಆದರೂ ಸಂದು ಉಳಿದಿತ್ತು. ಕಾಡಿನಲ್ಲಿ ಬೆಳೆದ ಮನುಷ್ಯ ತನ್ನ ಬುದ್ಧಿಗೆ ತೋಚಿದ ಒಳಿತನ್ನು ಬಿಡದೆ ನಡೆದರೆ, ದೇವರು ಒಳಗಿನಿಂದಲಾದರೂ ತಿಳಿಸುತ್ತಾನೆ, ಇಲ್ಲವೇ ಬೋಧಕನನ್ನು ಕಳಿಸುತ್ತಾನೆ ಎಂದು 13ನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಬರೆದಿದ್ದನು. 1492ರ ನಂತರ ಆ ಕಾಡಿನ ಒಬ್ಬ ಮನುಷ್ಯನ ಜಾಗದಲ್ಲಿ ಇಡೀ ಅಮೆರಿಕ ಖಂಡವೇ ಬಂದು ನಿಂತಿತು. ಟ್ರೆಂಟ್ ಮಹಾಸಭೆ 1547ರಲ್ಲಿ ಜ್ಞಾನಸ್ನಾನದ ಬಯಕೆಗೂ ಬೆಲೆ ಕೊಟ್ಟಿತು. ಸುಧಾರಣಾ ಪಂಥದವರಲ್ಲಿ ಜ್ವಿಂಗ್ಲಿ ಸಾಕ್ರಟೀಸನಿಗೆ ಸ್ವರ್ಗದಲ್ಲಿ ಜಾಗವಿದೆ ಎಂದಾಗ ಲೂಥರ್ ಕೆರಳಿದನು.

ಧಾರವಾಡ ಸೀಮೆಗೆ ಈ ಪ್ರಶ್ನೆ ಬಂದದ್ದು ಜರ್ಮನಿಯ ವುರ್ಟೆಂಬರ್ಗಿನ ಭಕ್ತಿಪಂಥದ ಮೂಲಕ. ಬಾಸೆಲ್ ಮಿಷನ್ ಹುಟ್ಟಿದ್ದು 1815ರಲ್ಲಿ, ಮಂಗಳೂರಿಗೆ ಬಂದದ್ದು 1834ರಲ್ಲಿ. ಅದರ ಮಿಷನರಿಗಳನೇಕರು ಬೆಳೆದ ಪಂಥದಲ್ಲಿ ಕ್ರಿಸ್ತನಿಲ್ಲದ ಜನ ನಾಶವಾಗುತ್ತಾರೆಂಬ ಕಳವಳ ತೀವ್ರವಾಗಿತ್ತು. ಅವರನ್ನು ಹಡಗು ಹತ್ತಿಸಿದ್ದೂ ಅದೇ. ಅದೇ ಪಂಥದ ಹಿರಿಯರಾದ ಬೆಂಗೆಲ್, ಓಟಿಂಗರ್ ಅವರಲ್ಲಿ ದೇವರು ಕೊನೆಗೆ ಎಲ್ಲರನ್ನೂ ಸೇರಿಸಿಕೊಳ್ಳುತ್ತಾನೆಂಬ ನಿರೀಕ್ಷೆಯೂ ಇತ್ತು. ಸಂತೆ ಜಾತ್ರೆಗಳ ಬೋಧನೆಯಲ್ಲಿ ಮೊದಲನೆಯದೇ ಮೇಲುಗೈ ಪಡೆಯಿತು.

1840ರ ಸುಮಾರಿಗೆ ಧಾರವಾಡದಲ್ಲಿ ಒಂದು ವಿಶೇಷ ನಡೆಯಿತು. ಕಾಲಜ್ಞಾನಿಗಳೆಂಬ ಪಂಥದವರು ಮಿಷನರಿಗಳ ಬಳಿಗೆ ಬಂದು, ನಿಮ್ಮ ಬರವನ್ನು ನಮ್ಮ ಕಾಲಜ್ಞಾನವೇ ಮೊದಲು ಹೇಳಿದೆ ಎಂದರು. ಅವರಿಗಾಗಿ ಗದಗದ ಹತ್ತಿರ ಮಲಸಮುದ್ರದಲ್ಲಿ ಬೇಸಾಯದ ನೆಲೆಯೊಂದನ್ನು ಮಾಡಲಾಯಿತು. ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಮಿಷನ್ನಿನ ಲೆಕ್ಕದಲ್ಲಿ ಇದು ಸೋಲು. ಚಿಂತನೆಯ ಲೆಕ್ಕದಲ್ಲಿ ಹಾಗಲ್ಲ: ಸುವಾರ್ತೆ ಕೇಳದವರೆಂದು ಎಣಿಸಿದ ಜನ ತಮ್ಮ ಗ್ರಂಥವೇ ತಮ್ಮನ್ನು ಅದಕ್ಕೆ ಅಣಿ ಮಾಡಿದೆ ಎಂದರು. ಕ್ಲೆಮೆಂಟ್ ಗ್ರೀಕರ ಪರವಾಗಿ ಹೇಳಿದ್ದನ್ನು ಇವರು ತಮ್ಮ ಪರವಾಗಿ ತಾವೇ ಹೇಳಿಕೊಂಡರು. ಅದೇ ಮಿಷನ್ನಿನ ಮೋಗ್ಲಿಂಗ್ ಮುಂದಿನ ದಶಕದ ಹೊತ್ತಿಗೆ ಬಸವಪುರಾಣವನ್ನೂ ದಾಸರ ಪದಗಳನ್ನೂ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಒಂದು ಜನದ ಭಕ್ತಿಯನ್ನು ಇಷ್ಟು ಹತ್ತಿರದಿಂದ ಓದಿದ ಮೇಲೆ ಅವರೆಲ್ಲ ಕತ್ತಲೆಯಲ್ಲಿದ್ದರೆನ್ನುವುದು ಸುಲಭವಲ್ಲ.

20ನೆಯ ಶತಮಾನದಲ್ಲಿ ನಿಲುವುಗಳು ವೇಗವಾಗಿ ಬದಲಾದವು. 1938ರಲ್ಲಿ ಮದ್ರಾಸಿನ ತಾಂಬರಂ ಸಮ್ಮೇಳನದಲ್ಲಿ ಹೆಂಡ್ರಿಕ್ ಕ್ರೇಮರ್ ಸುವಾರ್ತೆಗೂ ಧರ್ಮಗಳಿಗೂ ನಡುವೆ ಗೆರೆ ಎಳೆದರೆ, ಚೆಂಚಯ್ಯ ಮೊದಲಾದ ಭಾರತೀಯರು ಅದನ್ನು ಒಪ್ಪಲಿಲ್ಲ. ಕಥೋಲಿಕ್ ಸಭೆಯ ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ, ತಮ್ಮ ತಪ್ಪಿಲ್ಲದೆ ಸುವಾರ್ತೆ ತಿಳಿಯದೆ ದೇವರನ್ನು ಪ್ರಾಮಾಣಿಕವಾಗಿ ಅರಸುವವರೂ ರಕ್ಷಣೆ ಪಡೆಯಬಹುದು ಎಂದಿತು. 1983ರಲ್ಲಿ ಅಲನ್ ರೇಸ್ ನಿಲುವುಗಳನ್ನು ಮೂರು ಗುಂಪು ಮಾಡಿದರು: ಕ್ರಿಸ್ತನನ್ನು ಅರಿತು ನಂಬಿದವರಿಗೆ ಮಾತ್ರ ರಕ್ಷಣೆ ಎನ್ನುವುದು, ಅರಿಯದವರಿಗೂ ಕ್ರಿಸ್ತನ ಮೂಲಕವೇ ರಕ್ಷಣೆ ಎನ್ನುವುದು, ಧರ್ಮಗಳೆಲ್ಲ ರಕ್ಷಣೆಯ ದಾರಿಗಳೆನ್ನುವುದು.

ಮೂರನೆಯದರ ಕಡೆಗೆ ಹೆಚ್ಚು ನಡೆದವರಲ್ಲಿ ಒಬ್ಬರು ಕರ್ನಾಟಕದವರೇ. 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಸಭೆಯಲ್ಲಿ ಬೆಳೆದು, ಮಂಗಳೂರಿನಲ್ಲಿ ದೈವಶಾಸ್ತ್ರ ಕಲಿಸಿದ ಸ್ಟ್ಯಾನ್ಲಿ ಸಮರ್ಥ 1971ರಲ್ಲಿ ಜಿನೀವದ ಜಾಗತಿಕ ಸಭೆಗಳ ಒಕ್ಕೂಟದಲ್ಲಿ ಸಂವಾದ ವಿಭಾಗದ ಮೊದಲ ನಿರ್ದೇಶಕರಾದರು. ದೇವರು ತುಂಬಿ ತೀರದ ರಹಸ್ಯ, ಕ್ರಿಸ್ತನಿಗೆ ಬದ್ಧನಾದ ಭಕ್ತ ಇತರರ ಭಕ್ತಿಯನ್ನು ಅಲ್ಲಗಳೆಯಬೇಕಿಲ್ಲ ಎಂಬ ಅವರ ವಿಚಾರ 1991ರ ‘ಒನ್ ಕ್ರೈಸ್ಟ್, ಮೆನಿ ರಿಲಿಜನ್ಸ್’ ಕೃತಿಯಲ್ಲಿ ಪೂರ್ಣರೂಪ ಪಡೆಯಿತು. ಎಲ್ಲರೂ ಒಪ್ಪಲಿಲ್ಲ. ದಕ್ಷಿಣ ಭಾರತ ಸಭೆಯಲ್ಲೇ ಬಿಷಪ್ಪರಾಗಿದ್ದ ಲೆಸ್ಲಿ ನ್ಯೂಬಿಗಿನ್, ಕ್ರಿಸ್ತನೇ ರಕ್ಷಕನೆಂಬುದನ್ನು ಬಿಡದೆ, ಯಾರು ರಕ್ಷಣೆ ಪಡೆದರು ಯಾರು ಇಲ್ಲ ಎಂದು ತೀರ್ಪು ಕೊಡುವ ಅಧಿಕಾರ ಮನುಷ್ಯರಿಗಿಲ್ಲ ಎಂದರು. ಸುವಾರ್ತಾನಿಷ್ಠರಲ್ಲಿಯೂ ಕ್ಲಾರ್ಕ್ ಪಿನಾಕ್ 1992ರಲ್ಲಿ ಬಾಗಿಲು ಅಗಲಿಸಿದರು; ಹಲವರು ಅದನ್ನು ತಿರಸ್ಕರಿಸಿದರು.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು ಇಂದು ದಕ್ಷಿಣ ಭಾರತ ಸಭೆಯ ಧಾರವಾಡ ಕೇಂದ್ರದ ಉತ್ತರ ಕರ್ನಾಟಕ ಧರ್ಮಪ್ರಾಂತದ ಸೀಮೆಯಲ್ಲಿವೆ. ಕನ್ನಡ ಬೈಬಲ್ ಈಗ ಮೊಬೈಲಿನಲ್ಲೂ ಸಿಗುವುದರಿಂದ, ಇಲ್ಲಿ ಉಳಿದಿರುವ ಪ್ರಶ್ನೆ ಕೇಳದವರದಕ್ಕಿಂತ ಕೇಳಿಯೂ ತಮ್ಮ ಭಕ್ತಿಯಲ್ಲೇ ನೆಲೆ ನಿಂತ ನೆರೆಯವರದು. ಅವರ ವಿಷಯದಲ್ಲಿ ಕ್ರೈಸ್ತ ಸಭೆಗಳು ಒಮ್ಮತಕ್ಕೆ ಬಂದಿಲ್ಲ.