ನೆರವಿನ ರೂಪ ಮತ್ತು ನೆಲದ ಗುಣ

ಕನ್ನಡದಲ್ಲಿ ‘ಸಮಾಜಸೇವೆ’ ಮತ್ತು ‘ಸಮಾಜಕಾರ್ಯ’ ಎಂಬ ಎರಡು ಪದಗಳು ಬಳಕೆಯಲ್ಲಿವೆ. ಮೊದಲನೆಯದು ಮನೆಮಾತು, ಎರಡನೆಯದು ವಿಶ್ವವಿದ್ಯಾಲಯದ ಪಠ್ಯಕ್ರಮದ ಮಾತು. ಮನಸ್ಸುಳ್ಳವರು ಮಾಡುವುದು ಸೇವೆ; ತರಬೇತಿ ಹಾಗೂ ಕ್ಷೇತ್ರಾಧ್ಯಯನದ ಬಲದಿಂದ ವೃತ್ತಿಯಾಗಿ ನಡೆಸುವುದು ಕಾರ್ಯ. ಇವೆರಡೂ ಫಲಿಸಿದ ಕಡೆಗಳನ್ನು ಇತಿಹಾಸದಲ್ಲಿ ಹುಡುಕಿದರೆ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ: ಅಲ್ಲಿ ನೆರವಿನ ರೂಪವನ್ನು ನಿರ್ಧರಿಸಿದ್ದು ಕೊಡುವವರ ಉತ್ಸಾಹವಲ್ಲ, ಪಡೆಯುವವರ ಬದುಕು.

ಕಾಸರಗೋಡಿನಲ್ಲಿ 1859ರಲ್ಲಿ ಜನಿಸಿದ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ವಕೀಲರಾಗಿದ್ದರು. ದಲಿತರ ಏಳಿಗೆಗಾಗಿ 1897ರಲ್ಲಿ ಅವರು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಶಾಲೆಯ ಬಾಗಿಲು ತೆರೆದ ಮಾತ್ರಕ್ಕೆ ಹಸಿದ ಮಗು ಒಳಗೆ ಬಂದು ಕೂರಲಾರದು ಎಂಬುದನ್ನು ಅವರು ಬಲ್ಲವರಾಗಿದ್ದರು. ಆದ್ದರಿಂದ ಅಕ್ಷರದೊಡನೆ ಅನ್ನ, ಕೈಕಸುಬು, ಮನೆ ಕಟ್ಟಿಕೊಳ್ಳಲು ನೆಲ ಇವೆಲ್ಲವೂ ಅವರ ಕಾರ್ಯದಲ್ಲಿ ಸೇರಿದವು. ಸ್ವಜಾತಿಯವರ ಬಹಿಷ್ಕಾರವೂ ಅವರನ್ನು ಹಿಮ್ಮೆಟ್ಟಿಸಲಿಲ್ಲ. ಅದೇ ಮಂಗಳೂರಿನಲ್ಲಿ 1960ರಲ್ಲಿ ರೋಶನಿ ನಿಲಯ ಆರಂಭವಾಗಿ, ಸಮಾಜಕಾರ್ಯವು ವೃತ್ತಿಶಿಕ್ಷಣವಾಗಿ ಕರಾವಳಿಯಲ್ಲಿ ಬೇರೂರಿತು.

ಆ ವೃತ್ತಿಶಿಕ್ಷಣ ಭಾರತಕ್ಕೆ ಬಂದದ್ದು ಅಮೆರಿಕದ ದಾರಿಯಿಂದ. ಮುಂಬಯಿಯಲ್ಲಿ 1936ರಲ್ಲಿ ಆರಂಭವಾದ, ಇಂದು ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಎನಿಸಿಕೊಂಡಿರುವ ಶಾಲೆಯ ಮೊದಲ ನಿರ್ದೇಶಕರು ಅಮೆರಿಕದ ಕ್ಲಿಫರ್ಡ್ ಮ್ಯಾನ್ಶಾರ್ಟ್. ಒಬ್ಬ ವ್ಯಕ್ತಿಯನ್ನು ಎದುರಿಗೆ ಕೂರಿಸಿಕೊಂಡು ಅವನ ಕಷ್ಟವನ್ನು ಬಿಡಿಸುವ ಪದ್ಧತಿಗೆ ಅಮೆರಿಕದ ಪಠ್ಯಗಳಲ್ಲಿ ಹಿರಿಯ ಸ್ಥಾನವಿತ್ತು. ಆದರೆ ನಮ್ಮಲ್ಲಿ ರೋಗಿ ಒಬ್ಬನೇ ಆಸ್ಪತ್ರೆಗೆ ಬರುವುದು ಅಪರೂಪ. ಹಿಂದೆ ಒಂದು ಸಂಸಾರವೇ ಇರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೆಯವರು ರೋಗಿಯ ಜೊತೆಯಲ್ಲೇ ಉಳಿದು ಚಿಕಿತ್ಸೆಯಲ್ಲಿ ಪಾಲುಗೊಳ್ಳುವ ಕ್ರಮ ಬೆಳೆದದ್ದು ಈ ವಾಸ್ತವದಿಂದ. ಹೊರಗಿನಿಂದ ಬಂದ ವಿದ್ಯೆ ಹೀಗೆ ನೆಲದ ಗುಣವನ್ನು ಪಡೆಯಿತು.

ನಾವಿರುವ ಕೊಲ್ಲಿ ಪ್ರದೇಶದಲ್ಲೂ ಇದಕ್ಕೆ ಸಮನಾದ ಚರಿತ್ರೆಯಿದೆ. 1970ರ ದಶಕದ ಆರಂಭದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನ್‌ನ ವೃದ್ಧರಿಗೆ ಶುಶ್ರೂಷಾಲಯ ಬೇಕೆಂಬ ಯೋಚನೆ ಮೂಡಿತು. ದಂತವೈದ್ಯ ವಿಲಿಯಂ ಗೀ ಮೊದಲಾದ ಮುಖಂಡರ ಪರವಾಗಿ ಅಧ್ಯಯನ ಕೈಗೊಂಡವರು ಸ್ವಿಟ್ಜರ್‌ಲ್ಯಾಂಡ್ ಮೂಲದ ಸಮಾಜಕಾರ್ಯಕರ್ತೆ ಮರೀ ಲೂಯಿಸ್ ಆನ್ಸಾಕ್. ಶುಶ್ರೂಷಾಲಯವು ಹಣದ ದೃಷ್ಟಿಯಿಂದಲೂ ಜನರ ರೂಢಿಯ ದೃಷ್ಟಿಯಿಂದಲೂ ಹೊಂದದು ಎಂದು ಅವರು ಕಂಡುಕೊಂಡರು. ಆ ಹಿರಿಯರಿಗೆ ಬೇಕಾದದ್ದು ತಮ್ಮ ಕೇರಿ, ತಮ್ಮ ಭಾಷೆ, ತಮ್ಮ ಊಟ. ಹೀಗೆ ಹುಟ್ಟಿದ ‘ಆನ್ ಲೋಕ್’ ಸಂಸ್ಥೆಯ ಹಗಲು ಆರೈಕೆ ಕೇಂದ್ರ 1973ರಲ್ಲಿ ತೆರೆಯಿತು. ಹಗಲಲ್ಲಿ ವೈದ್ಯೋಪಚಾರ, ಭೋಜನ, ಒಡನಾಟ. ಸಂಜೆಗೆ ಸ್ವಂತ ಮನೆ. ಒಂದು ಕೇರಿಗಾಗಿ ರೂಪುಗೊಂಡ ಈ ವ್ಯವಸ್ಥೆ ‘ಪೇಸ್’ ಎಂಬ ಹೆಸರಿನಲ್ಲಿ ಬೆಳೆದು, 1997ರ ಕಾನೂನಿನ ಮೂಲಕ ಮೆಡಿಕೇರ್‌ನಲ್ಲಿ ಶಾಶ್ವತ ಸ್ಥಾನ ಪಡೆಯಿತು.

1991ರಲ್ಲಿ ಇಲ್ಲಿ ಆರಂಭವಾದ ‘ಮೈತ್ರಿ’ ದಕ್ಷಿಣ ಏಷ್ಯಾದ ಕುಟುಂಬಗಳಿಗೆ ಸಂಬಂಧಿಸಿದ್ದು. ಮನೆಯೊಳಗಿನ ಹಿಂಸೆಗೆ ಸಿಲುಕಿದ ಹೆಣ್ಣುಮಗಳಿಗೆ ಆಶ್ರಯತಾಣದ ವಿಳಾಸವಷ್ಟೇ ಸಾಲದು. ಗಂಡನ ವೀಸಾದ ಮೇಲೆ ನಿಂತ ವಾಸದ ಹಕ್ಕು, ಸ್ವಂತ ದುಡಿಮೆಗಿರುವ ಅಡ್ಡಿ, ಅತ್ತೆಮನೆಯ ಒತ್ತಡ, ‘ನಾಲ್ಕು ಜನ ಏನಂದಾರು’ ಎಂಬ ಅಳುಕು ಇವೆಲ್ಲವನ್ನೂ ಬಿಡಿಸಿ ಹೇಳದೆಯೇ ಅರಿಯಬಲ್ಲ ಕಿವಿ ಬೇಕು. ತಾಯ್ನುಡಿಯಲ್ಲಿ ಉತ್ತರಿಸುವ ದೂರವಾಣಿಯ ಬೆಲೆ ಅಲ್ಲಿದೆ.

ಇಂದು ನಮ್ಮ ಮನೆಗಳಲ್ಲಿ ಊರಿನಿಂದ ಬಂದ ತಂದೆತಾಯಿಯರು ವೃದ್ಧರಾಗುತ್ತಿದ್ದಾರೆ. ಕಾರು ಓಡಿಸಲಾರದೆ, ನೆರೆಯವರ ಮಾತು ತಿಳಿಯದೆ, ಮಕ್ಕಳು ಕಚೇರಿಯಿಂದ ಮರಳುವವರೆಗೆ ಮೌನವಾಗಿ ಕಾಯುವವರಿದ್ದಾರೆ. ಯುಗಾದಿ, ರಾಜ್ಯೋತ್ಸವಗಳಿಗೆ ಅವರನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸುವುದು ಒಳ್ಳೆಯದೇ. ಅಷ್ಟಕ್ಕೇ ನಮ್ಮ ಹೊಣೆ ಮುಗಿಯದು. ಅವರಿಗಾಗಿ ಹೊಸ ಕಾರ್ಯಕ್ರಮವೊಂದನ್ನು ಯೋಜಿಸುವ ಮುನ್ನ, ವಾರದ ಸಾಮಾನ್ಯ ದಿನವೊಂದನ್ನು ಹೇಗೆ ಕಳೆಯುತ್ತೀರಿ ಎಂದು ಅವರನ್ನೇ ಕನ್ನಡದಲ್ಲಿ ಕೇಳೋಣ. ಆನ್ ಲೋಕ್ ಆರಂಭವಾದದ್ದೂ ಅಂಥದೇ ವಿಚಾರಣೆಯಿಂದ.